ತಾಂಬೂಲ ಬದಲಾಯಿತು, ಮದುವೆ ಯಾವಾಗ?

ಜರ್ಮನಿಯ ಕೋಬ್ಲೆಂಜ್‌ನಲ್ಲಿ ನನಗೆ ಕ್ಷೌರ ಮಾಡುವವನು ಸಿರಿಯಾದವನು. ಕತ್ತರಿ ಆಡಿಸುತ್ತಲೇ ಒಮ್ಮೆ ಕೇಳಿದ: "ನಿಮ್ಮಲ್ಲೂ ಇಂಥವರನ್ನು ಒಳಗೆ ಹಾಕುವ ಕಾನೂನಿದೆಯೇ?" ಪ್ರಜಾಪ್ರಭುತ್ವದ ಬಗ್ಗೆ ಅಲ್ಲಿಯವರೆಗೆ ಭಾಷಣ ಬಿಗಿಯುತ್ತಿದ್ದ ನನ್ನ ಬಾಯಿ ಕಟ್ಟಿತು.

ಅವನು ಹೇಳಿದ್ದು ಅನ್ವರ್ ರಸ್ಲಾನ್ ವಿಷಯ. ಸಿರಿಯಾದ ರಾಜಧಾನಿ ದಮಾಸ್ಕಸ್‌ನ ಬಂಧನ ಕೇಂದ್ರವೊಂದರಲ್ಲಿ ವಿಚಾರಣೆಯ ಉಸ್ತುವಾರಿ ಹೊತ್ತಿದ್ದ ಕರ್ನಲ್. ಇದೇ ಊರಿನ ನ್ಯಾಯಾಲಯ 2022ರ ಜನವರಿ 13ರಂದು, ಚಿತ್ರಹಿಂಸೆ ಮತ್ತು 27 ಕೊಲೆಗಳೂ ಸೇರಿದ ಮಾನವತೆಯ ವಿರುದ್ಧದ ಅಪರಾಧಕ್ಕಾಗಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕೃತ್ಯ ನಡೆದದ್ದು ಜರ್ಮನಿಯಲ್ಲಲ್ಲ, ಆರೋಪಿ ಜರ್ಮನನೂ ಅಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಕಟ್ಟಿದ ರೋಮ್ ಒಪ್ಪಂದಕ್ಕೆ ಸೇರಿದ ಜರ್ಮನರು ಅಷ್ಟಕ್ಕೇ ಕೈತೊಳೆದುಕೊಳ್ಳದೆ, ಅದು ಜಾರಿಗೆ ಬಂದ 2002ರಲ್ಲೇ ನರಮೇಧ, ಯುದ್ಧಾಪರಾಧಗಳಂಥವು ಎಲ್ಲೇ ನಡೆದರೂ ವಿಚಾರಿಸಬಲ್ಲ ತಮ್ಮದೇ ಸಂಹಿತೆ ಬರೆದಿಟ್ಟುಕೊಂಡಿದ್ದರು.

ನಾವು? ರೋಮ್ ಒಪ್ಪಂದದ ಮಾತಿರಲಿ, ಅದಕ್ಕೆ ನಾವು ಸೇರಿಯೇ ಇಲ್ಲ. ಆದರೆ ನರಮೇಧ ತಡೆ ಒಪ್ಪಂದಕ್ಕೆ 1949ರಲ್ಲೇ ಸಹಿ ಹಾಕಿ, 1959ರಲ್ಲಿ ಅನುಮೋದಿಸಿದೆವು. ಅದಕ್ಕೆ ಬೇಕಾದ ಕಾನೂನನ್ನು ತಮ್ಮ ತಮ್ಮ ದೇಶದಲ್ಲಿ ಮಾಡಬೇಕೆಂದು ಆ ಒಪ್ಪಂದವೇ ಹೇಳುತ್ತದೆ. ತಾಂಬೂಲ ಬದಲಾಯಿಸಿಕೊಂಡು ಮುಹೂರ್ತದ ಮಾತೆತ್ತದ ಬೀಗರಂತೆ ಕುಳಿತಿದ್ದೇವೆ. 1984ರ ಸಿಖ್ಖರ ಹತ್ಯೆ ಪ್ರಕರಣದಲ್ಲಿ ಕಾಂಗ್ರೆಸ್ ಮುಖಂಡರಾಗಿದ್ದ ಸಜ್ಜನ್ ಕುಮಾರ್‌ಗೆ ಶಿಕ್ಷೆ ವಿಧಿಸಿದ ತೀರ್ಪಿನಲ್ಲಿ ದೆಹಲಿ ಹೈಕೋರ್ಟೇ ಈ ಕೊರತೆಯನ್ನು ಎತ್ತಿ ಹೇಳಿತ್ತು. ಅದು 2018. ಆಮೇಲೆ ಹೊಸ ನ್ಯಾಯ ಸಂಹಿತೆಯೇ ಬಂದಿತು. ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಕೊಲೆಯ ಸೆಕ್ಷನ್ 302 ಹೋಗಿ 103 ಆಯಿತು. ನರಮೇಧಕ್ಕೆ ಮಾತ್ರ ಒಂದು ಸೆಕ್ಷನ್ ಸಿಗಲಿಲ್ಲ. ಎಲ್ಲವನ್ನೂ ಬಿಚ್ಚಿ ಹೊಲಿದ ಹೊತ್ತಿನಲ್ಲೂ ನೆನಪಾಗದಿದ್ದರೆ ಇನ್ನೆಂದು?

ಧಾರವಾಡದಲ್ಲಿ ವಕೀಲರಾಗಿರುವ ಸೋದರಮಾವನಿಗೆ ಫೋನಿನಲ್ಲಿ ಇದನ್ನೆಲ್ಲ ಒದರಿದೆ. "ಹಳೆಯ ಸೆಕ್ಷನ್‌ಗಳಲ್ಲೇ ಸಜ್ಜನ್ ಕುಮಾರ್‌ಗೆ ಜೀವಾವಧಿ ಆಯಿತಲ್ಲವೇನಪ್ಪಾ?" ಎಂದರು. ಆಯಿತು, 34 ವರ್ಷಗಳ ಮೇಲೆ. "ಇರಾಕಿನ ಕೈದಿಗಳ ಚಿತ್ರಹಿಂಸೆಯ ವಿಷಯದಲ್ಲಿ, ಅಮೆರಿಕದ ರಕ್ಷಣಾ ಸಚಿವನಾಗಿದ್ದ ರಮ್ಸ್‌ಫೆಲ್ಡ್ ಮೇಲೆ ದೂರು ಕೊಟ್ಟಾಗ ನಿನ್ನ ಜರ್ಮನರು ಏನು ಮಾಡಿದರು?" ಎಂದೂ ಕೇಳಿದರು. 2005ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಇಲ್ಲಿನ ಪ್ರಾಸಿಕ್ಯೂಟರ್ ತನಿಖೆಗೇ ಒಪ್ಪಲಿಲ್ಲ. ದೊಡ್ಡವರ ಮುಂದೆ ಇವರ ಸಂಹಿತೆಯೂ ತಗ್ಗಿ ನಡೆಯುತ್ತದೆ ಎಂದು ಮಾವನ ಮುಂದೆ ಒಪ್ಪಿಕೊಳ್ಳಲೇಬೇಕಾಯಿತು.

ಇನ್ನೊಂದನ್ನು ನಾನು ಅವರಿಗೆ ಹೇಳಲಿಲ್ಲ. ರಸ್ಲಾನ್ ವಿಚಾರಣೆ ನಡೆದದ್ದು ಜರ್ಮನ್ ಭಾಷೆಯಲ್ಲಿ. ಅರಬ್ಬಿ ಅನುವಾದ ಕೇಳಿಸಿಕೊಳ್ಳಲು ಪತ್ರಕರ್ತರು 2020ರಲ್ಲಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಆದರೆ ನಮ್ಮ ಹೈಕೋರ್ಟಿನಲ್ಲಿ ಕನ್ನಡದ ಗತಿ ಏನೆಂದು ಬಲ್ಲ ನಾನು ಈ ಒಂದು ವಿಷಯದಲ್ಲಿ ಜರ್ಮನರನ್ನು ಆಡಿಕೊಳ್ಳುವ ಹಾಗಿಲ್ಲ.