ಇಂಜೆಕ್ಷನ್ ಆದ ಮೇಲಿನ ರಕ್ತ ಪರೀಕ್ಷೆ ಬಿಡಬೇಡಿ

ಗರ್ಭ ಗರ್ಭಕೋಶದ ಬದಲು ಟ್ಯೂಬಿನಲ್ಲಿ (ಅಂಡನಾಳದಲ್ಲಿ) ನಿಂತಾಗ ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ, ಕೆಲವರಿಗೆ ಆ ಗರ್ಭ ಬೆಳೆಯದಂತೆ ತಡೆಯುವ ಮೆಥೋಟ್ರೆಕ್ಸೇಟ್ ಇಂಜೆಕ್ಷನ್ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ಆಮೇಲಿನ ವಾರಗಳ ಬಗ್ಗೆ ಒಂದೇ ಸಾಲಿದೆ. ನನ್ನ ತಂಗಿಗೆ ಹೀಗಾದಾಗ ನಮ್ಮನ್ನು ಜಾಸ್ತಿ ಹೆದರಿಸಿದ್ದು ಆ ವಾರಗಳೇ. ಇಂಜೆಕ್ಷನ್ ಆದ 4ನೇ ದಿನದ ರಿಪೋರ್ಟಿನಲ್ಲಿ ಬೀಟಾ ಎಚ್‌ಸಿಜಿ, ಅಂದರೆ ಬಸುರಿಯರ ರಕ್ತದಲ್ಲಿರುವ ಹಾರ್ಮೋನು, ಏರಿತ್ತು. ಅಮ್ಮ ಅತ್ತೇಬಿಟ್ಟರು. ಆ ದಿನ ಏರುವುದು ಎಷ್ಟೋ ಜನರಲ್ಲಿ ಇದ್ದದ್ದೇ ಎಂದು ಡಾಕ್ಟರು ಬಿಡಿಸಿ ಹೇಳಿದ ಮೇಲೆಯೇ ಸಮಾಧಾನ. 4ರಿಂದ 7ನೇ ದಿನಕ್ಕೆ ಕನಿಷ್ಠ ಶೇ. 15ರಷ್ಟು ಇಳಿಯಬೇಕು, ನೋಡಬೇಕಾದದ್ದು ಅದನ್ನು. ಇಳಿಯದಿದ್ದರೆ ಇನ್ನೊಂದು ಡೋಸ್, ಇಲ್ಲವೇ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರ ಮಾಡಿ ನಡೆಸುವ ಆಪರೇಷನ್). ಇಳಿದರೂ ಪೂರ್ತಿ ನೆಗೆಟಿವ್ ಆಗುವವರೆಗೆ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕು.

ಬಸುರಿ ಎಂದು ತಂದಿಟ್ಟ ಫೋಲಿಕ್ ಆಸಿಡ್ ಮಾತ್ರೆ ಮನೆಯಲ್ಲೇ ಇರುತ್ತದೆ, ಅಲ್ವಾ? ಅದನ್ನು ನಿಲ್ಲಿಸಬೇಕು, ಈ ಔಷಧಿ ಕೆಲಸ ಮಾಡಲು ಅದು ಅಡ್ಡ ಬರುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನೂ ಸುಮ್ನೆ ನುಂಗಬೇಡಿ, ಡಾಕ್ಟರನ್ನು ಕೇಳಿ.

ಎಚ್‌ಸಿಜಿ ಇಳಿಯುತ್ತಿರುವಾಗಲೂ ಟ್ಯೂಬ್ ಒಡೆಯಬಹುದು. ಹೊಟ್ಟೆನೋವು ಜೋರಾದರೆ, ಭುಜದ ತುದಿ ನೋಯತೊಡಗಿದರೆ, ತಲೆ ಸುತ್ತಿದರೆ ಬೆಳಗಾಗಲಿ ಎಂದು ಕಾಯಬೇಡಿ, ದಯವಿಟ್ಟು. ತಕ್ಷಣ ಆಸ್ಪತ್ರೆಗೆ ಹೊರಡಿ.