ಕಳ್ಳನಿಗೆ ಲೆಕ್ಕ ಒಪ್ಪಿಸಿದ ಜಡ್ಜ್

ಇಂಗ್ಲೆಂಡಿನಲ್ಲಿ ನಾನಿರುವ ಊರಿನಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ರಾತ್ರಿ ಕಳ್ಳ ನುಗ್ಗಿದ್ದ. ಮನೆಮಂದಿ ಮಹಡಿಯಲ್ಲಿ ಮಲಗಿದ್ದರು. ಆಮೇಲೆ ಸಿಕ್ಕಿಬಿದ್ದ, ತಪ್ಪನ್ನೂ ಒಪ್ಪಿಕೊಂಡ. ಶಿಕ್ಷೆ ಪ್ರಕಟಿಸುವ ದಿನ ಒಬ್ಬರೇ ಹೋಗಲು ಮನಸ್ಸಾಗದೆ ಅವರು ನನ್ನನ್ನೂ ಕರೆದರು. ಕ್ರೌನ್ ಕೋರ್ಟಿನ ಗ್ಯಾಲರಿಯಲ್ಲಿ ಹೋಗಿ ಕೂತೆ. ಎರಡು ಸಾಲು ಓದಿ ಮುಂದಿನ ಕೇಸು ಕರೆಯುತ್ತಾರೆ, ಅಷ್ಟೇ ಅಂದುಕೊಂಡಿದ್ದೆ.

ಆದರೆ ಆ ಜಡ್ಜ್ ಕಟಕಟೆಯಲ್ಲಿದ್ದವನನ್ನೇ ನೋಡಿಕೊಂಡು ಲೆಕ್ಕ ಒಪ್ಪಿಸತೊಡಗಿದರು. ರಾತ್ರಿ ಹೊತ್ತು, ಮನೆಯಲ್ಲಿ ಜನ ಇದ್ದರು, ಹಾಗಾಗಿ ಇದು ಮೇಲಿನ ದರ್ಜೆಯ ಕಳ್ಳತನ. ಇದಕ್ಕೆ ಲೆಕ್ಕ ಶುರುವಾಗುವುದು 3 ವರ್ಷದಿಂದ. 2ರಿಂದ 6 ವರ್ಷದ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ನಿನ್ನ ಹಳೆಯ ಕೇಸುಗಳಿಗೆ ಇಷ್ಟು ಜಾಸ್ತಿ, ಅಂದರೆ 3 ವರ್ಷ 9 ತಿಂಗಳು. ಮೊದಲ ದಿನವೇ ಒಪ್ಪಿಕೊಂಡೆ, ಅದಕ್ಕೆ ಮೂರನೇ ಒಂದು ಭಾಗ ಕಡಿತ. ಉಳಿದದ್ದು ಎರಡೂವರೆ ವರ್ಷ. ಕಳ್ಳ ತಲೆಯಾಡಿಸಿದ. ನನ್ನ ಸಹೋದ್ಯೋಗಿಗೂ ಅರ್ಥವಾಯಿತು. ನನಗೂ ಆಯಿತು.

ನನಗೆ ಖುಷಿ ಆಯಿತು, ಹೊಟ್ಟೆಕಿಚ್ಚೂ ಆಯಿತು.

ರಾತ್ರಿ ಇಂಡಿಯಾದ ನಮ್ಮೂರಿನಲ್ಲಿ ವಕೀಲಿಕೆ ಮಾಡುವ ನನ್ನ ಷಡ್ಡಕನಿಗೆ ಫೋನ್ ಮಾಡಿದೆ. ಇದೇ ಕಳ್ಳತನಕ್ಕೆ ನಿಮ್ಮ ಕೋರ್ಟಿನಲ್ಲಿ ಎಷ್ಟು ಬೀಳುತ್ತೆ ಅಂತ ಕೇಳಿದೆ. "ಯಾರ ಮುಂದೆ ಅಂತ ಹೇಳಿ ಭಾವ, ಆಮೇಲೆ ಹೇಳ್ತೀನಿ" ಅಂದ. ನಕ್ಕ ಬೇರೆ. ಆದರೆ ಅವನು ಹೇಳಿದ್ದು ನಿಜವೇ. ರಾತ್ರಿ ಮನೆಗೆ ಕನ್ನ ಹಾಕಿ ಕದಿಯಲು ನುಗ್ಗಿದರೆ 14 ವರ್ಷದವರೆಗೆ ಶಿಕ್ಷೆ ಎಂದು 1860ರ ದಂಡ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಇದೆ. "ವರೆಗೆ" ಅಷ್ಟೇ. ಕೆಳಗೆ ತಳವಿಲ್ಲ, ನಡುವೆ ಮೆಟ್ಟಿಲೂ ಇಲ್ಲ. ಆರು ತಿಂಗಳು ಕೊಟ್ಟರೂ ಕಾನೂನು, ಹತ್ತು ವರ್ಷ ಕೊಟ್ಟರೂ ಕಾನೂನು. ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತು ಕೇಳಬೇಕು ಅನ್ನುವ ನಿಯಮ ಇದೆ, ನಿಜ. ವಯಸ್ಸಾದ ತಾಯಿ ಇದ್ದಾರೆ, ಚಿಕ್ಕ ಮಕ್ಕಳಿದ್ದಾರೆ, ಮೊದಲ ತಪ್ಪು, ದಯೆ ತೋರಿಸಿ ಸ್ವಾಮಿ. ಇಷ್ಟು ಹೇಳಿದರೆ ಆ ನಿಯಮದ ಕೆಲಸ ಮುಗಿಯಿತು.

ಇಲ್ಲಿನ ಜಡ್ಜ್ ಓದಿದ ಆ 3 ವರ್ಷದ ಲೆಕ್ಕ ಸಂಸತ್ತು ಬರೆದದ್ದಲ್ಲ, ಜಡ್ಜ್ ಒಬ್ಬರೇ ಮನಸ್ಸಿಗೆ ತೋಚಿದಂತೆ ಹಾಕಿದ್ದೂ ಅಲ್ಲ. 2010ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೆಂಟೆನ್ಸಿಂಗ್ ಕೌನ್ಸಿಲ್ ಅಂತ ಒಂದಿದೆ. ಹದಿನಾಲ್ಕು ಜನ, ಅದರಲ್ಲಿ ಎಂಟು ಮಂದಿ ನ್ಯಾಯಾಂಗದವರು. ಸಂಸತ್ತು ಗರಿಷ್ಠ ಮಿತಿ ಹಾಕುತ್ತದೆ, ಕೌನ್ಸಿಲ್ ನಡುವಿನ ಮೆಟ್ಟಿಲು ಕಟ್ಟುತ್ತದೆ, ಎದುರಿಗಿರುವ ಮನುಷ್ಯ ಯಾವ ಮೆಟ್ಟಿಲಲ್ಲಿ ನಿಲ್ಲಬೇಕು ಅನ್ನುವುದನ್ನು ಜಡ್ಜ್ ನೋಡುತ್ತಾರೆ. ಪಟ್ಟಿ ಬಿಟ್ಟು ಹೋಗಬೇಕು ಅನ್ನಿಸಿದರೆ ಹೋಗಬಹುದು, ಆದರೆ ಕಾರಣ ಹೇಳಬೇಕು. ಕೆಲವು ಗಂಭೀರ ಅಪರಾಧಗಳಲ್ಲಿ ಶಿಕ್ಷೆ ತೀರ ಕಡಿಮೆ ಆಯಿತು ಅನ್ನಿಸಿದರೆ 28 ದಿನದೊಳಗೆ ಯಾರು ಬೇಕಾದರೂ ಅಟಾರ್ನಿ ಜನರಲ್‌ಗೆ ಬರೆಯಬಹುದು. ಕೇಸಿಗೆ ಸಂಬಂಧವೇ ಇಲ್ಲದ ನಾನೂ ಬರೆಯಬಹುದು!

ಇದು ನಮಗೆ ಹೊಳೆಯದ ವಿಚಾರವೇನಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠರ ಸಮಿತಿ 2003ರಲ್ಲೇ ಹೇಳಿತ್ತು, ಶಿಕ್ಷೆಯ ಮಾರ್ಗಸೂಚಿ ಮಾಡಲು ಕಾಯಂ ಸಮಿತಿಯೊಂದು ಬೇಕು ಅಂತ. ಅದಾದ ಮೇಲೆ ಇಡೀ ದಂಡ ಸಂಹಿತೆಯನ್ನೇ ಬದಲಿಸಿದೆವು. ಸೆಕ್ಷನ್ ನಂಬರ್‌ಗಳೆಲ್ಲ ಅದಲು ಬದಲಾಗಿ ವಕೀಲರು ಹೊಸದಾಗಿ ಬಾಯಿಪಾಠ ಮಾಡಬೇಕಾಯಿತು. ಆ ಸಮಿತಿ ಮಾತ್ರ ಬರಲಿಲ್ಲ.

ನಮ್ಮಲ್ಲಿ ಸಂಸತ್ತಿಗೆ ಗೊತ್ತಿರುವುದು ಎರಡೇ ದಾರಿ. ಒಂದು, ಎಲ್ಲವನ್ನೂ ಜಡ್ಜ್ ಕೈಗೆ ಬಿಟ್ಟು ಸುಮ್ನಿರುವುದು. ಇನ್ನೊಂದು, ಯಾವುದೋ ಭೀಕರ ಘಟನೆ ಆಗಿ ಟಿವಿಯಲ್ಲಿ "ಗಲ್ಲಿಗೇರಿಸಿ" ಅನ್ನುವ ಕೂಗು ಎದ್ದಾಗ ಜಡ್ಜ್ ಕೈ ಪೂರ್ತಿ ಕಟ್ಟಿಹಾಕುವುದು. ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ. ಗ್ಯಾಂಗ್ ನಡೆಸುವವನಿಗೂ ಅಷ್ಟೇ, ಚೀಲ ಹೊತ್ತ ಕೂಲಿಯವನಿಗೂ ಅಷ್ಟೇ. ಪೋಕ್ಸೋದಲ್ಲಿ 2019ರ ತಿದ್ದುಪಡಿ ಕನಿಷ್ಠ ಶಿಕ್ಷೆಗಳನ್ನು ಇನ್ನೂ ಏರಿಸಿತು. ಮಕ್ಕಳ ಮೇಲೆ ಕೈ ಹಾಕಿದವನಿಗೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೀತಿಸಿ ಓಡಿಹೋದ ಹರೆಯದ ಹುಡುಗ ಹುಡುಗಿಯರ ಕೇಸೂ ಅದೇ ಬಲೆಗೆ ಬೀಳುತ್ತದೆ. 2025ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಅಂಥದ್ದೊಂದು ಪ್ರಕರಣದಲ್ಲಿ ಅಪರಾಧಿಗೆ ಶಿಕ್ಷೆ ವಿಧಿಸದೆ ಬಿಡಲು ಸುಪ್ರೀಂ ಕೋರ್ಟ್ ತನಗೆ ಮಾತ್ರ ಇರುವ ವಿಶೇಷ ಅಧಿಕಾರ, ಸಂವಿಧಾನದ 142ನೇ ವಿಧಿಯನ್ನೇ ಬಳಸಬೇಕಾಯಿತು. ಕೆಳಗಿನ ಕೋರ್ಟಿನ ಜಡ್ಜ್ ಎಲ್ಲಿಗೆ ಹೋಗಬೇಕು? ಷಡ್ಡಕ ಹೇಳುವ ಪ್ರಕಾರ, ಶಿಕ್ಷೆ ಇಳಿಸಲು ಆಗುವುದಿಲ್ಲ ಅಂತ ಗೊತ್ತಾದಾಗ ಕೆಲವರಿಗೆ ಸಾಕ್ಷ್ಯದಲ್ಲೇ ಹುಳುಕು ಕಾಣತೊಡಗುತ್ತದೆ. ಕಠಿಣ ಕಾನೂನು ಮಾಡಿದವರು ಇದನ್ನು ಎಣಿಸಿದ್ದರೋ ಇಲ್ಲವೋ.

ಜೀವಾವಧಿಯ ವಿಷಯದಲ್ಲಂತೂ ಇನ್ನೂ ಗೋಜಲು. ಹದಿನಾಲ್ಕು ವರ್ಷ ಕಳೆದರೆ ಸನ್ನಡತೆ ಅಂತ ಸರ್ಕಾರ ಬಿಟ್ಟುಬಿಡಬಹುದು. ಅದಕ್ಕೆ 2008ರಲ್ಲಿ ನಮ್ಮ ಕರ್ನಾಟಕದ್ದೇ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಲ್ಲಿಗೂ ಹದಿನಾಲ್ಕು ವರ್ಷಕ್ಕೂ ನಡುವೆ ಹೊಸದೊಂದು ಶಿಕ್ಷೆ ಹುಟ್ಟುಹಾಕಿತು. ಸಾಯುವವರೆಗೆ ಬಿಡುಗಡೆ ಇಲ್ಲ ಅಂತ. ಕೊಲೆಗೆ ಶಿಕ್ಷೆ ಹೇಳುವ ದಂಡ ಸಂಹಿತೆಯ ಸೆಕ್ಷನ್‌ನಲ್ಲಿ ಅಂಥ ಶಿಕ್ಷೆ ಬರೆದಿರಲಿಲ್ಲ. 2015ರಲ್ಲಿ ಐವರ ಪೀಠ 3-2ರಲ್ಲಿ ಅದನ್ನು ಎತ್ತಿಹಿಡಿಯಿತು. ಹೊಸ ಶಿಕ್ಷೆ ಮಾಡುವುದು ಶಾಸನ ಮಾಡುವವರ ಕೆಲಸ, ನಮ್ಮದಲ್ಲ ಎಂದು ಇಬ್ಬರು ನ್ಯಾಯಮೂರ್ತಿಗಳು ಬರೆದರು. ನನಗೆ ಆ ಇಬ್ಬರದ್ದೇ ಸರಿ ಅನ್ನಿಸುತ್ತದೆ. ಆದರೆ ಸಂಸತ್ತು ಖಾಲಿ ಬಿಟ್ಟ ಜಾಗದಲ್ಲಿ ಯಾರಾದರೂ ಬಂದು ಕೂರುತ್ತಾರೆ, ಅಲ್ವಾ?

ಇಷ್ಟು ಹೊಗಳಿದ ಮೇಲೆ ಇಲ್ಲಿಯದ್ದೂ ಹೇಳಲೇಬೇಕು. ಆ ಕಳ್ಳನಿಗೆ ಎರಡೂವರೆ ವರ್ಷ ಎಂದರಲ್ಲ, ಒಳಗಿರುವುದು ಒಂದು ವರ್ಷ. ಜೈಲು ತುಂಬಿತು ಅಂತ 2024ರ ಸೆಪ್ಟೆಂಬರಿನಿಂದ ಬಹಳಷ್ಟು ಕೈದಿಗಳನ್ನು ಶಿಕ್ಷೆಯ ಶೇ. 40 ಮುಗಿಯುತ್ತಲೇ ಸರ್ಕಾರ ಬಿಡತೊಡಗಿತು. ಇದು ನಮ್ಮ ಸನ್ನಡತೆಗಿಂತ ಎಷ್ಟು ಮೇಲು ಅಂತ ಷಡ್ಡಕ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಕೌನ್ಸಿಲ್‌ನ ಸ್ವಾತಂತ್ರ್ಯವೂ ಅಷ್ಟಕ್ಕಷ್ಟೇ. ಅಲ್ಪಸಂಖ್ಯಾತ ಜನಾಂಗದವರೂ ಸೇರಿ ಕೆಲವು ಗುಂಪಿನವರಿಗೆ ಶಿಕ್ಷೆ ಹಾಕುವ ಮೊದಲು ಹಿನ್ನೆಲೆಯ ವರದಿ ತರಿಸಿಕೊಳ್ಳಿ ಎಂಬ ಮಾರ್ಗಸೂಚಿ 2025ರ ಏಪ್ರಿಲ್ 1ಕ್ಕೆ ಜಾರಿಯಾಗಬೇಕಿತ್ತು. ಬಿಳಿಯರಿಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯವೇ ಅಂತ ಗಲಾಟೆ ಎದ್ದಿತು. ನನ್ನಂಥವರ ಹೆಸರಿನಲ್ಲೇ ಜಗಳ, ನಮ್ಮನ್ನು ಮಾತ್ರ ಯಾರೂ ಕೇಳಲಿಲ್ಲ. ಸರ್ಕಾರ ಮಸೂದೆ ತರುತ್ತೇನೆ ಎಂದಿತು. ಜಾರಿಯ ಹಿಂದಿನ ದಿನ ಕೌನ್ಸಿಲ್ ಹಿಂದೆ ಸರಿಯಿತು, ಜೂನ್‌ನಲ್ಲಿ ಮಸೂದೆ ಕಾನೂನೂ ಆಯಿತು.

ಇನ್ನೊಂದು ಮಾತು, ಒಪ್ಪಲು ಸ್ವಲ್ಪ ಕಷ್ಟವಾದರೂ. ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲೇ ಗತಿ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 303ನೇ ಸೆಕ್ಷನ್ ಅನ್ನು 1983ರಲ್ಲಿ ಮಿಥು ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕಿತ್ತು ಹಾಕಿತು. ಮನುಷ್ಯನನ್ನು ನೋಡದೆ ಗಲ್ಲು ಹಾಕು ಅಂತ ಜಡ್ಜ್‌ಗೆ ಹೇಳುವಂತಿಲ್ಲ ಅಂದಿತು. ಇಂಗ್ಲೆಂಡಿನ ಜಡ್ಜ್‌ಗಳಿಗೆ ಆ ಧೈರ್ಯ ಇದ್ದರೂ ಅಧಿಕಾರ ಇಲ್ಲ. ಕೊಲೆಗಾರ ಎಷ್ಟು ವರ್ಷ ಒಳಗಿರಬೇಕು ಅಂತ ಇಲ್ಲಿ ಬಹಳ ಕಾಲ ಗೃಹಮಂತ್ರಿಯೇ ನಿರ್ಧರಿಸುತ್ತಿದ್ದರು. 2002ರಲ್ಲಿ, ಆಗ ಇಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರು ಇದು ಮಾನವ ಹಕ್ಕಿಗೆ ಹೊಂದುವುದಿಲ್ಲ ಎಂದು ಘೋಷಿಸಿದರು, ಕಾನೂನು ರದ್ದು ಮಾಡಲು ಆಗಲಿಲ್ಲ. ಸಂಸತ್ತು ಮಂತ್ರಿಯ ಕೈಯಿಂದ ಅಧಿಕಾರ ತೆಗೆಯಿತು, ಆದರೆ 2003ರ ಅದೇ ಕಾಯ್ದೆಯಲ್ಲಿ ಇಂಥ ಕೊಲೆಗೆ 15, ಇಂಥದ್ದಕ್ಕೆ 30 ಅಂತ ವರ್ಷಗಳನ್ನು ತಾನೇ ಬರೆದಿಟ್ಟಿತು.

ಆದರೂ ನನಗೆ ಆ ಪಟ್ಟಿ ನಮ್ಮಲ್ಲೂ ಬೇಕು. ಮೊದಲು ಕಳ್ಳತನ, ಹಲ್ಲೆ, ಅಪಘಾತ, ಇಷ್ಟಕ್ಕೆ ಮಾಡಲಿ ಸಾಕು. ಕೋರ್ಟಿಗೆ ದಿನಾ ಬರುವುದು ಇವೇ. ಗಲ್ಲಿನ ಬಗ್ಗೆ ಆಮೇಲೆ ಜಗಳ ಆಡೋಣ.