ಕಡಲ ಸೌತೆ: ಮೊಟ್ಟೆಗಳ ಲೆಕ್ಕ ಎಲ್ಲಿ ತಪ್ಪುತ್ತದೆ?

ಕಡಲ ಸೌತೆ ಎಂದರೆ ಸಮುದ್ರದ ತಳದಲ್ಲಿ ತೆವಳುವ, ಸೌತೆಕಾಯಿಯಂಥ ಮೈಯ ಪ್ರಾಣಿ. ‘ಒಂದು ಹೆಣ್ಣು ಕಡಲ ಸೌತೆ ಲಕ್ಷಾಂತರ ಮೊಟ್ಟೆ ಇಡುತ್ತದೆ, ಆದ್ದರಿಂದ ಎಷ್ಟು ಹಿಡಿದರೂ ಸಂತತಿ ಕುಗ್ಗದು’ ಎಂಬ ಮಾತು ಹರಿದಾಡುತ್ತಿದೆ. ಮೊದಲರ್ಧ ನಿಜ. ದೊಡ್ಡ ಹೆಣ್ಣು ಹತ್ತು ಲಕ್ಷಕ್ಕೂ ಹೆಚ್ಚು ಮೊಟ್ಟೆಗಳನ್ನು ನೀರಿಗೆ ಬಿಡಬಲ್ಲದು. ಎಡವುವುದು ‘ಆದ್ದರಿಂದ’ ಎಂಬ ಪದದಲ್ಲಿ.

ಈ ಜೀವಿಗಳಲ್ಲಿ ಬಹುಪಾಲು ಜಾತಿಗಳು ಕೂಡುವುದಿಲ್ಲ. ಗಂಡು ವೀರ್ಯಾಣುಗಳನ್ನೂ ಹೆಣ್ಣು ಮೊಟ್ಟೆಗಳನ್ನೂ ನೀರಿಗೆ ಚೆಲ್ಲುತ್ತವೆ, ಅವು ಸಂಧಿಸಬೇಕು. ಪ್ರವಾಹದಲ್ಲಿ ವೀರ್ಯಾಣುಗಳು ಬೇಗ ತೆಳುವಾಗುತ್ತವೆ. ನೆರೆಯಲ್ಲಿ ಗಂಡಿಲ್ಲದಿದ್ದರೆ ಲಕ್ಷ ಮೊಟ್ಟೆಯೂ ವ್ಯರ್ಥ. ತೆವಳುತ್ತಾ ಸಂಗಾತಿಯನ್ನು ಹುಡುಕಿಕೊಂಡು ದೂರ ಹೋಗುವುದು ಅವುಗಳ ಕೈಲಾಗದ ಕೆಲಸ, ಕೈಯೇ ಇಲ್ಲ ಬಿಡಿ. ಹೀಗೆ ಸಂಖ್ಯೆ ಒಂದು ಮಿತಿಗಿಂತ ಇಳಿದರೆ, ಉಳಿದವು ಆರೋಗ್ಯವಾಗಿದ್ದರೂ ಸಂತಾನ ಬೆಳೆಯದು. ಇದನ್ನು ಆಲೀ ಪರಿಣಾಮ ಎನ್ನುತ್ತಾರೆ.

ಬೇಟೆ ಮೊದಲು ಕಸಿಯುವುದು ದೊಡ್ಡವನ್ನೇ, ಬೆಲೆ ಅವಕ್ಕೇ ಹೆಚ್ಚು. ಅವು ಮುಗಿದ ಮೇಲೆ ಕೈ ಹಾಕುವುದು ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಮರಿಗಳಿಗೆ. ಉಳಿದ ಚಿಕ್ಕವು ಪ್ರೌಢವಾಗಿದ್ದರೂ ಅವುಗಳ ಜನನಾಂಗ ಚಿಕ್ಕದು, ಮೊಟ್ಟೆಯೂ ಕಡಿಮೆ.

‘ತುಂಡಾದರೆ ಎರಡಾಗುತ್ತವೆ’ ಎಂಬುದೂ ಕೆಲವೇ ಜಾತಿಗಳ ಮಟ್ಟಿಗೆ ಸರಿ. ಬೇಟೆ ನಿಲ್ಲಿಸಿದ ಮಾತ್ರಕ್ಕೆ ಸಂತತಿ ಬೇಗ ಚೇತರಿಸಿಕೊಳ್ಳುತ್ತದೆ ಎಂದೂ ಅಲ್ಲ. ಆಸ್ಟ್ರೇಲಿಯಾದ ಟೊರೆಸ್ ಜಲಸಂಧಿಯ ವಾರಿಯರ್ ಬಂಡೆಸಾಲಿನಲ್ಲಿ ಸ್ಯಾಂಡ್‌ಫಿಶ್ ಎಂಬ ಕಡಲ ಸೌತೆಯ ಬೇಟೆಯನ್ನು 1998ರಲ್ಲೇ ನಿಲ್ಲಿಸಲಾಯಿತು. ಅನೇಕ ವರ್ಷಗಳ ನಂತರವೂ ಅಲ್ಲಿನ ಸಂತತಿ ಹಳೆಯ ಮಟ್ಟಕ್ಕೆ ಮರಳಿರಲಿಲ್ಲ.